ನೀರು ಬಾರದಿದ್ದರೂ

ಕಳೆದ ಶ್ರಾವಣದ ಮೂರನೆಯ ಸೋಮವಾರ ಕಾಗಿಣಾ ನದಿಯ ಮೇಲಿನ ಒಂದು ತಗ್ಗು ಸೇತುವೆಯ ಈಚೆ ದಡದಲ್ಲಿ ನಾನು ಕುಳಿತಿದ್ದ ಬಸ್ಸು ನಿಂತಿತು. ಆಕಾಶ ತೊಳೆದಿಟ್ಟ ಪೂಜೆಯ ಬಟ್ಟಲಿನಂತೆ ನಿರ್ಮಲವಾಗಿತ್ತು. ರಸ್ತೆಯ ಎರಡೂ ಬದಿಗೆ ಕಪ್ಪು ನೆಲದಲ್ಲಿ ತೊಗರಿ ಮೊಣಕಾಲೆತ್ತರ ಬೆಳೆದಿತ್ತು. ಹೊಳೆಯ ನೀರು ಸೇತುವೆಯಿಂದ ಇನ್ನೂ ಎರಡು ಮಾರು ಕೆಳಗೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಆದರೂ ಸೇತುವೆಯ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಪಳಿ ಬಿದ್ದಿತ್ತು. ಅದರ ಪಕ್ಕದ ಫರಸಿಕಲ್ಲಿನ ಮೇಲೆ, ಮಡಚಿದ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಬ್ಬ ಹೆಣ್ಣುಮಗಳು ಕುಳಿತಿದ್ದಳು.

ಕಂಡಕ್ಟರ್ ಕೆಳಗಿಳಿದು ಕೂಗಿದ: "ಏ ಯವ್ವಾ, ಮಳಿ ಎಲ್ಲದ? ಹಪ್ಪಳ ಒಣಗೂವಂಥ ಬಿಸಲು ಬಿದ್ದದ. ಸರಪಳಿ ತಗಿ."

"ಮಳಿ ಚಿಂಚೋಳ್ಯಾಗ ಅದ ಅಣ್ಣಾ. ನೀರು ಹಾದ್ಯಾಗ ಅದ. ಕುಂದ್ರು," ಎಂದಳು ಆಕೆ, ಎದ್ದು ನಿಲ್ಲದೆಯೇ.

ಆ ಒಂದು ಮಾತಿಗೆ ನನ್ನ ಬೆನ್ನು ನೆಟ್ಟಗಾಯಿತು. ಸಹಪ್ರಯಾಣಿಕರು ಗೊಣಗುತ್ತ ಬೇವಿನ ನೆರಳಿಗೆ ಇಳಿದರು. ನಾನು ಕಿಟಕಿಯ ಬಳಿಯೇ ಉಳಿದೆ. ಹಸಿ ಎರೆಮಣ್ಣಿನ ವಾಸನೆ ಒಳಗೆ ಬರುತ್ತಿತ್ತು. ಅದರ ಜೊತೆಗೆ ಕೆಲವು ವರ್ಷಗಳ ಹಿಂದಿನ ಒಂದು ಶ್ರಾವಣ ಮಾಸ, ಸೋರುವ ಛಾವಣಿ, ಚಹಾದ ಕೆಟಲಿ ಮತ್ತು ಮೂವತ್ತು ಜನ ಸರ್ಕಾರಿ ನೌಕರರ ಸಮೇತ, ನನ್ನ ಎದುರಿಗೆ ಬಂದು ಕುಳಿತಿತು.

ನಾನು ಸೇಡಂನವನು. ಕಾಲೇಜಿನಲ್ಲಿ ಕನ್ನಡ ಮತ್ತು ಸಂಸ್ಕೃತವನ್ನು ಬೋಧಿಸಿ ನಿವೃತ್ತನಾದವನು. ನಮ್ಮ ಕಡೆ ಶ್ರಾವಣ ಬಂದರೆ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ; ಇನ್ನೊಬ್ಬರು ಅದರ ಅರ್ಥವನ್ನು ಊರಿನ ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಗುರುಕೃಪೆಯಿಂದ ನಲವತ್ತು ಶ್ರಾವಣಗಳ ಕಾಲ ಅರ್ಥ ಹೇಳುವ ಪೀಠ ನನ್ನದಾಗಿತ್ತು. ಆ ವರ್ಷವೂ ಪುರಾಣ ಆರಂಭವಾಗಿ ಮೂರು ದಿನ ಕಳೆದಿರಲಿಲ್ಲ, ಚಿತ್ತಾಪುರದಿಂದ ಒಂದು ಪತ್ರ ಬಂದಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಯ ಕಡೆಯ ಕೆಳಹಂತದ ನೌಕರರಿಗೆ ಸಾರ್ವಜನಿಕ ನೀತಿಯನ್ನು ರೂಪಿಸುವ ಕ್ರಮದಲ್ಲಿ ಒಂದು ತಿಂಗಳ ತರಬೇತಿ ಏರ್ಪಟ್ಟಿದೆ. ಅವರು ಬರೆಯುವ ಕರಡುಗಳ ಭಾಷೆಯನ್ನು ತಿದ್ದಿಕೊಡಲು ತಾವು ದಿನಕ್ಕೆ ಒಂದು ತಾಸು ಬರಬೇಕು, ಎಂದಿತ್ತು ಅದರಲ್ಲಿ.

ನನಗೆ ಮೊದಲು ನಗು ಬಂದಿತು. ನಿಯಮಗಳು ಮಳೆಯ ಹಾಗೆ ಮೇಲಿನಿಂದ ಬೀಳುವಂಥವು, ಕೆಳಗಿನವರು ಅದಕ್ಕೆ ಕೊಡೆ ಹಿಡಿಯಬೇಕಾದವರು ಎಂದೇ ಜೀವಮಾನವಿಡೀ ತಿಳಿದಿದ್ದೆ. ಗ್ರಾಮ ಪಂಚಾಯಿತಿಯ ನೌಕರನೊಬ್ಬ ನೀತಿಯನ್ನು ರೂಪಿಸುವುದೆಂದರೇನು? ಆದರೂ ವಿದ್ಯೆಯನ್ನು ಕೇಳಿ ಬಂದ ಪತ್ರಕ್ಕೆ ಇಲ್ಲವೆನ್ನುವುದು ನನ್ನ ಗುರುಗಳು ಕಲಿಸಿದ ದಾರಿಯಲ್ಲ. ಮರುದಿನ ಪ್ರಾತಃಕಾಲ ಲಿಂಗಪೂಜೆಯನ್ನು ಮುಗಿಸಿ, ವಿಭೂತಿ ಧರಿಸಿ, ರೊಟ್ಟಿಯ ಗಂಟಿನೊಂದಿಗೆ ಪ್ಯಾಸೆಂಜರ್ ಗಾಡಿ ಹತ್ತಿದೆ.

ತರಬೇತಿಯ ಸಭಾಂಗಣ ಹಳೆಯ ಕಟ್ಟಡದ್ದು. ನೆಲಕ್ಕೆ ಶಹಾಬಾದಿನ ಕಲ್ಲು, ಬರಿಗಾಲಿಗೆ ತಂಪು. ಛಾವಣಿ ಎರಡು ಕಡೆ ಸೋರುತ್ತಿತ್ತು; ಅಲ್ಲಿ ಬಕೆಟ್ಟುಗಳನ್ನಿಟ್ಟಿದ್ದರು. ಮೊದಲ ದಿನ ಎಲ್ಲರಿಗೂ ಒಂದೇ ಅಭ್ಯಾಸ: ನಿಮ್ಮ ಊರಿನ ಒಂದು ತೊಂದರೆಗೆ ನೀವೇ ಒಂದು ನಿಯಮದ ಕರಡನ್ನು ಬರೆಯಿರಿ. ಆ ಮೂವತ್ತು ಹಾಳೆಗಳನ್ನು ಗಾಡಿಯಲ್ಲಿ ಓದುತ್ತ ಸೇಡಂಗೆ ಮರಳಿದೆ. ಒಬ್ಬರದು ಕುಡಿಯುವ ನೀರು, ಒಬ್ಬರದು ಸಿಮೆಂಟಿನ ಧೂಳು, ಒಬ್ಬರದು ಅಂಗನವಾಡಿಯ ಬಾಗಿಲು. ಆದರೆ ಮೂವತ್ತೂ ಕರಡುಗಳು ಒಂದೇ ತಾಯಿಯ ಮಕ್ಕಳಂತಿದ್ದವು. ಎಲ್ಲದರಲ್ಲಿಯೂ ಮೇಲಧಿಕಾರಿಗಳ ಪೂರ್ವಾನುಮೋದನೆಯನ್ನು ಪಡೆದು ಸೂಕ್ತ ಕ್ರಮವನ್ನು ಕೈಗೊಳ್ಳಲಾಗುತ್ತಿತ್ತು. ಯಾರು ಕೈಗೊಳ್ಳುವರು, ಯಾವಾಗ, ಏನು ಎಂಬುದು ಎಲ್ಲಿಯೂ ಇರಲಿಲ್ಲ. ಕೈಗೆ ಹತ್ತಿದ ರೂಢಿ ಅದು. ಲೇಖನಿ ತಾನಾಗಿಯೇ ಅಪ್ಪಣೆ ಕೇಳುತ್ತಿತ್ತು. ಕಾಗುಣಿತ ತಿದ್ದಲು ಹೋದವನಿಗೆ ತಿದ್ದಬೇಕಾದದ್ದು ಕಾಗುಣಿತವಲ್ಲವೆಂದು ತಿಳಿಯಿತು. ಅಂದು ಸಂಜೆ ಮಠದಲ್ಲಿ ಪುರಾಣದ ಅರ್ಥ ಹೇಳುತ್ತಿರುವಾಗಲೇ ನನಗೆ ಒಂದು ಉಪಾಯ ಹೊಳೆಯಿತು.

ಮರುದಿನ ಹೇಳಿದೆ: "ಇಲ್ಲಿಯೂ ಪುರಾಣ ಹಚ್ಚೋಣ. ಒಬ್ಬರು ತಮ್ಮ ಕರಡನ್ನು ಒಂದೊಂದೇ ವಾಕ್ಯವಾಗಿ ಓದಲಿ. ಇನ್ನೊಬ್ಬರು ನಿಂತು ಅದರ ಅರ್ಥವನ್ನು ಮನೆಯ ಮಾತಿನಲ್ಲಿ ಹೇಳಲಿ. ಅರ್ಥ ಹೇಳಲಾಗದ ವಾಕ್ಯವನ್ನು ಅಳಿಸಿಬಿಡೋಣ."

ಶಹಾಬಾದ ಕಡೆಯ ಪಂಚಾಯಿತಿಯೊಂದರ ಅಭಿವೃದ್ಧಿ ಅಧಿಕಾರಿ ಖಾಜಾಸಾಬ ಹಿಂದಿನ ಬೆಂಚಿನಿಂದ ಕೈ ಎತ್ತಿದ. ಸ್ಥೂಲಕಾಯ, ತುಂಬು ನಗು. "ಗುರುಗಳ, ಪುರಾಣಕ್ಕ ಹೋದ್ರ ಕಡೀಕ ಪ್ರಸಾದ ಸಿಗತದ. ಇಲ್ಲೇನ್ ಸಿಗತದ್ರಿ?"

"ಬಕೀಟ್ನ್ಯಾಗ ನೀರದ, ಕುಡೀರಿ," ಎಂದಿತು ಮುಂದಿನ ಬೆಂಚಿನಿಂದ ಒಂದು ಹೆಣ್ಣುದನಿ.

ಆ ದನಿ ಮಹಾದೇವಿಯದು. ಕುರಕುಂಟಾದ ಹೆಣ್ಣುಮಗಳು, ಕಾಗಿಣೆಯ ದಂಡೆಯ ಕೆಲವು ಹಳ್ಳಿಗಳಿಗೆ ಗ್ರಾಮ ಆಡಳಿತಾಧಿಕಾರಿ. ವಯಸ್ಸು ಮೂವತ್ತರ ಆಸುಪಾಸು. ಅವಳ ಕರಡು ತಗ್ಗು ಸೇತುವೆಗಳನ್ನು ಕುರಿತದ್ದಾಗಿತ್ತು. ಅವಳ ಜೊತೆಗೆ ದಿನವೂ ಭೀಮರಾಯನೆಂಬ ಗ್ರಾಮ ಸಹಾಯಕ ಬರುತ್ತಿದ್ದ. ಅವನು ತರಬೇತಿಗೆ ಸೇರಿದವನಲ್ಲ. ಕಾಗದಪತ್ರಗಳ ಚೀಲವನ್ನು ಹೊತ್ತು ತಂದು, ಬಾಗಿಲ ಬಳಿ ಗೋಡೆಗೊರಗಿ ಕುಳಿತಿರುತ್ತಿದ್ದ. ಐವತ್ತು ದಾಟಿದ ಮನುಷ್ಯ, ತಲೆಗೆ ಟವೆಲು.

ಮಹಾದೇವಿಯ ಕಥೆಯನ್ನು ನಾನು ಕೇಳಿದ್ದು ಊಟದ ಹೊತ್ತಿನಲ್ಲಿ. ನನ್ನ ರೊಟ್ಟಿಗೆ ಅವಳು ಪುಂಡಿಪಲ್ಯ ಬಡಿಸಿದಳು. ನಾನು, ಸೇತುವೆಯ ವಿಷಯವನ್ನೇ ಯಾಕೆ ಆರಿಸಿಕೊಂಡೆಯಮ್ಮಾ, ಎಂದೆ.

ಹಿಂದಿನ ವರ್ಷದ ಶ್ರಾವಣ. ಚಿಂಚೋಳಿಯ ಸೀಮೆಗೆ ಕೊಟ್ಟ ಅವಳ ಅಕ್ಕ ಬೆಳಗಿನಲ್ಲಿ ಫೋನು ಮಾಡಿದಳಂತೆ: ಇಲ್ಲಿ ರಾತ್ರಿಯೆಲ್ಲ ಮಳೆ, ಮುಲ್ಲಾಮಾರಿ ತುಂಬಿ ಗುಡಿಯ ಮೆಟ್ಟಿಲಿಗೆ ಬಂದಿದೆ. ಮುಲ್ಲಾಮಾರಿಯ ನೀರು ಬಂದು ಬೀಳುವುದು ಕಾಗಿಣೆಗೇ. ಮಹಾದೇವಿಯ ತಲೆಯ ಮೇಲೆ ಒಂದು ಮೋಡವೂ ಇರಲಿಲ್ಲ. ಮೇಲಿನವರಿಗೆ ಫೋನು ಮಾಡಿದಳು, ಅವರು ಸಭೆಯಲ್ಲಿದ್ದರು. ಇನ್ನೊಬ್ಬರಿಗೆ ಮಾಡಿದಳು, ಲಿಖಿತ ವರದಿಯನ್ನು ಕಳಿಸಿ ಎಂದರು. ಕಡೆಗೆ ತನ್ನ ಸ್ಕೂಟಿಯನ್ನೇ ಸೇತುವೆಗೆ ಅಡ್ಡ ನಿಲ್ಲಿಸಿ, ಭೀಮರಾಯನನ್ನು ಆಚೆಯ ದಡಕ್ಕೆ ಕಳಿಸಿ, ಎರಡೂ ಕಡೆಯ ವಾಹನಗಳನ್ನು ಮೂರು ತಾಸು ತಡೆದಳು. ಬಸ್ಸಿನಲ್ಲಿದ್ದ ಒಬ್ಬನಿಗೆ ಚಿತ್ತಾಪುರದ ಕೋರ್ಟಿನಲ್ಲಿ ತಾರೀಖು ತಪ್ಪಿತು. ಕನ್ಯೆ ನೋಡಲು ಹೊರಟಿದ್ದ ಒಂದು ಕುಟುಂಬ ಶಕುನ ಸರಿಯಿಲ್ಲವೆಂದು ಹಿಂದಿರುಗಿತು. ನೀರು ಬಂದಿತು, ಏರಿತು, ಸೇತುವೆಗೆ ಒಂದು ಗೇಣು ಕೆಳಗೆ ನಿಂತು ಇಳಿದುಹೋಯಿತು.

ವಾರದಲ್ಲಿ ದೂರು ಹೋಯಿತು. ಯಾರ ಆದೇಶದ ಮೇಲೆ ಸಾರ್ವಜನಿಕ ಸಂಚಾರವನ್ನು ತಡೆದಿರಿ ಎಂದು ಕಾರಣ ಕೇಳಿ ನೋಟಿಸು ಬಂದಿತು. ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಸೇವಾ ಪುಸ್ತಕದಲ್ಲಿ ಎಚ್ಚರಿಕೆ ಎಂದು ಬರೆದರೆ ಬರಲಿರುವ ಬಡ್ತಿ ಕೈತಪ್ಪುವಂತಿತ್ತು.

"ನೀರು ಬಂದಿದ್ರ ನಾ ಶಾಣ್ಯಾಕಿ ಆಗ್ತಿದ್ದೆ ಅಜ್ಜಾರ," ಎಂದಳು. "ನೀರು ಬರಲಿಲ್ಲ, ಕಸೂರ್ ನಂದಾತು. ನಾನೂ ಅಕೀನೇ, ಸ್ಕೂಟೀನೂ ಅದೇ."

ಶಾಸ್ತ್ರಗ್ರಂಥಗಳಲ್ಲಿ ಕರ್ಮಫಲದ ವಿಚಾರವಾಗಿ ಎಷ್ಟೋ ಪುಟಗಳನ್ನು ಓದಿದ್ದೇನೆ. ಫಲವನ್ನು ನೋಡಿ ಕರ್ಮಕ್ಕೆ ಬೆಲೆ ಕಟ್ಟಬಾರದೆಂಬ ಮಾತು ಇಷ್ಟು ಹತ್ತಿರ ಬಂದು, ಊಟದ ಡಬ್ಬಿಯ ಪಕ್ಕದಲ್ಲಿ, ಎಂದೂ ಕುಳಿತಿರಲಿಲ್ಲ.

ಮರುದಿನ ಅವಳ ಕರಡಿನ ಸರದಿ. ಅವಳು ಎದ್ದು ನಿಂತು ಓದಿದಳು: "ಪ್ರವಾಹದ ಸಂಭವವಿದ್ದಲ್ಲಿ, ಮೇಲಧಿಕಾರಿಗಳಿಗೆ ವರದಿಯನ್ನು ಸಲ್ಲಿಸಿ, ಅವರ ಪೂರ್ವಾನುಮೋದನೆಯ ಮೇರೆಗೆ ಸೇತುವೆಯನ್ನು ಮುಚ್ಚತಕ್ಕದ್ದು." ತಾನು ಯಾವ ಹಗ್ಗಕ್ಕೆ ಸಿಕ್ಕಿ ಬಿದ್ದಿದ್ದಳೋ ಅದೇ ಹಗ್ಗವನ್ನು ತನ್ನ ಕೈಯಿಂದಲೇ ಮತ್ತೆ ಹೊಸೆದಿದ್ದಳು. ಅದು ಅವಳಿಗೂ ತಿಳಿದಿರಲಿಲ್ಲ. ಅಂಥ ರೂಢಿ ಅದು.

ಅರ್ಥ ಹೇಳಲು ಯಾರನ್ನು ಕರೆಯಲಿ ಎಂದು ನೋಡಿದೆ. ಬಾಗಿಲ ಬಳಿ ಭೀಮರಾಯ ಕುಳಿತಿದ್ದ. ಸೇತುವೆಯ ಮೇಲೆ ನಿಲ್ಲುವವನು ಅವನೇ ಅಲ್ಲವೇ? "ಭೀಮರಾಯಾ, ನೀನು ಬಾ," ಎಂದೆ. ಅವನು ಗಾಬರಿಯಾಗಿ ಟವೆಲನ್ನು ಹೆಗಲಿಗೆ ಇಳಿಸಿಕೊಂಡ. "ನಾ ಸಾಲಿ ಕಲ್ತಂವಲ್ರಿ ಅಜ್ಜಾರ."

"ಅರ್ಥ ಹೇಳೂದಕ್ಕ ಸಾಲಿ ಯಾಕ್ ಬೇಕೋ? ನೀರು ನೋಡಿದ್ಯಲ್ಲ, ಹೇಳು," ಎಂದ ಖಾಜಾಸಾಬ.

ಭೀಮರಾಯ ನಿಂತ. "ಅರ್ಥ ಅಂದ್ರ ಹಿಂಗ್ರಿ," ಎಂದು ಆರಂಭಿಸಿದ. "ನೀರು ಬರ್ಲಿಕತ್ತದ. ನಾ ಅಕ್ಕೋರಿಗಿ ಫೋನ್ ಹಚ್ಚತೀನಿ. ಅಕ್ಕೋರು ಅವರ ಸಾಹೇಬ್ರಿಗಿ ಹಚ್ಚತಾರ. ಸಾಹೇಬ್ರು ಮೀಟಿಂಗನ್ಯಾಗ ಅದಾರ. ಮೀಟಿಂಗ್ ಬಿಡತದ. ಬರದು ಕಳಸು ಅಂತಾರ. ಅಕ್ಕೋರು ಬರೀತಾರ. ಅದು ದೊಡ್ಡ ಸಾಹೇಬ್ರಿಗಿ ಹೋಗತದ, ದೊಡ್ಡ ಸಾಹೇಬ್ರು ಸಹಿ ಹಾಕತಾರ. ಸಹಿ ತಗೊಂಡು ನಾ ಹೊಳಿಗಿ ಓಡತೀನಿ. ಅಷ್ಟೊತ್ತಿಗಿ ಸೇತುವಿನೇ ಕಾಣ್ಸಂಗಿಲ್ರಿ. ಏನು ಮುಚ್ಚಲಿ?"

ಸಭಾಂಗಣ ನಕ್ಕ ನಗೆಗೆ ಬಕೆಟ್ಟಿನ ನೀರು ಕಂಪಿಸಿತು. ಮಹಾದೇವಿ ಮೊದಲು ನಕ್ಕಳು, ಆಮೇಲೆ ಲೇಖನಿಯನ್ನು ತೆಗೆದು ಆ ವಾಕ್ಯದ ಮೇಲೆ ಅಡ್ಡಗೆರೆ ಎಳೆದಳು. ಅಂದಿನಿಂದ ಭೀಮರಾಯ ಬೆಂಚಿನ ಮೇಲೆ ಕುಳಿತ.

ಆ ಶ್ರಾವಣದಲ್ಲಿ ನಾವು ಒಂದು ಹಾಳೆಯನ್ನು ಎಷ್ಟು ಬಾರಿ ಬರೆದೆವೋ ಶಿವನೇ ಬಲ್ಲ. ಸೇತುವೆಯ ಬಳಿ ಇರುವವನೇ ಅದನ್ನು ಮುಚ್ಚಲಿ ಎಂಬುದು ಮೊದಲ ವಾಕ್ಯವಾಯಿತು. ಚಿಂಚೋಳಿಯಿಂದ ಬಂದಿದ್ದವರು, ಹೊಳೆ ಏರಿದ ಸುದ್ದಿಯನ್ನು ಮೇಲಕ್ಕೆ ಕಳಿಸಿ ಅದು ಕೆಳಗಿಳಿಯುವವರೆಗೆ ಕಾಯುವುದೇಕೆ, ನಮ್ಮ ದಡದಲ್ಲಿರುವವನು ನಿಮ್ಮ ದಡದಲ್ಲಿರುವವನಿಗೆ ನೇರವಾಗಿ ಹೇಳಲಿ ಎಂದರು. ಅದು ಎರಡನೆಯ ವಾಕ್ಯವಾಯಿತು. ದೊಡ್ಡ ಸಾಹೇಬರಿಗೆ ಸುದ್ದಿ ಮುಟ್ಟಬೇಕು, ಆದರೆ ಮುಚ್ಚಿದ ಮೇಲೆ ಮುಟ್ಟಿದರೆ ಸಾಕು, ಎಂಬುದು ಮೂರನೆಯದು. ಹೊರಗೆ ಹೆಸರುಕಾಯಿ ಬಿಡಿಸುವ ಕಾಲ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ನನ್ನ ಒಂದು ತಾಸು ಮೂರು ತಾಸಾಗಿ, ಸಂಜೆಯ ಗಾಡಿ ತಪ್ಪಿ, ಮಠದ ಪುರಾಣಕ್ಕೆ ಎರಡು ಸಲ ತಡವಾಗಿ ಹೋಗಿ ಸ್ವಾಮಿಗಳ ಎದುರು ತಲೆ ತಗ್ಗಿಸಿದೆ.

ಇಲ್ಲಿ ನನ್ನ ತಪ್ಪನ್ನೂ ನಾನು ಒಪ್ಪಿಕೊಳ್ಳಬೇಕು. ಕರಡನ್ನು ಶುದ್ಧಪ್ರತಿ ಮಾಡುವಾಗ ಮೊದಲ ವಾಕ್ಯದಲ್ಲಿ ನನ್ನ ಕೈಯಿಂದ ನಾಲ್ಕು ಪದಗಳನ್ನು ಸೇರಿಸಿದ್ದೆ: 'ಗ್ರಾಮದ ಹಿರಿಯರೊಡನೆ ಸಮಾಲೋಚಿಸಿ, ಬಳಿಕ'. ಹಿರಿಯರನ್ನು ಕೇಳದೆ ಊರಿನಲ್ಲಿ ಕೆಲಸ ಮಾಡಬಾರದೆಂಬುದು ನಾನು ಬೆಳೆದ ಮನೆಯ ಮರ್ಯಾದೆ. ವಾಕ್ಯಕ್ಕೆ ಒಂದು ಗಾಂಭೀರ್ಯವೂ ಬಂದಿತೆಂದುಕೊಂಡೆ. ಮಹಾದೇವಿ ಓದಿದಳು. ಭೀಮರಾಯ ಅರ್ಥ ಹೇಳಲು ಎದ್ದು ನನ್ನ ಮುಖ ನೋಡಿ ನಿಂತುಬಿಟ್ಟ.

"ಹೇಳಪ್ಪಾ," ಎಂದೆ.

"ಸಿಟ್ಟಾಗಬ್ಯಾಡ್ರಿ ಅಜ್ಜಾರ. ಹೊಳಿ ಬರೂದು ಶ್ರಾವಣದಾಗ. ಶ್ರಾವಣದಾಗ ಹಿರ್ಯಾರೆಲ್ಲ ಪುರಾಣದಾಗ ಕುಂತಿರ್ತಾರ. ನೀವು ಅರ್ಥ ಹೇಳ್ಲಿಕತ್ತೀರಿ ಅಂದ್ರ ಯಾರ ಧೈರ್ಯ ಅದ್ರಿ ಅವ್ರಿಗಿ ಎಬ್ಬಸಲಾಕ? ಮಂಗಳಾರತಿ ಆಗೂತನ ಹೊಳಿಗಿ ನಿಂದ್ರು ಅನ್ನಬೇಕಾಗ್ತದ."

ಯಾರೂ ನಗಲಿಲ್ಲ, ನನಗೆ ಹೆದರಿದ್ದರು. ಆಗ ನಾನೇ ನಕ್ಕೆ. ಹಾಳೆಯನ್ನು ಕೇಳಿ ಪಡೆದು, ನನ್ನ ನಾಲ್ಕು ಪದಗಳನ್ನು ನಾನೇ ಹೊಡೆದುಹಾಕಿದೆ. ಅಪ್ಪಣೆ ಕೇಳುವ ರೂಢಿ ಅವರಿಗೆ ಕಚೇರಿಯಿಂದ ಬಂದಿದ್ದರೆ ನನಗೆ ಭಕ್ತಿಯ ವೇಷದಲ್ಲಿ ಬಂದಿತ್ತು.

ಉಳಿದದ್ದು ಕಡೆಯ ವಾಕ್ಯ. ನೀರು ಬಾರದಿದ್ದರೂ ಮುಚ್ಚಿದವರ ಮೇಲೆ ತಪ್ಪು ಹೊರಿಸತಕ್ಕದ್ದಲ್ಲ. ಅದನ್ನು ಬರೆದಾಗ ಖಾಜಾಸಾಬ ಬಗ್ಗಿ, ತನ್ನ ಲೇಖನಿಯಿಂದ ಅದರ ಕೆಳಗೆ ಒಂದು ಸಾಲು ಸೇರಿಸಿದ: ಈ ನಿಯಮವು ಕಳೆದ ವರ್ಷದ ಪ್ರಕರಣಗಳಿಗೂ ಅನ್ವಯಿಸುವುದು.

"ಇದೇನ್ರಿ?" ಎಂದಳು ಮಹಾದೇವಿ.

"ನಿಮ್ಮ ನೋಟಿಸಿಗಿ ದವಾ ಅದ ತಂಗೀ. ಯಾರಿಗಿ ಗೊತ್ತಾಗ್ತದ? ಸುಮ್ಮ ಇರಲಿ ಬಿಡ್ರಿ."

ಎಲ್ಲರೂ ಇರಲಿ ಎಂದರು. ನನ್ನ ಮನಸ್ಸೂ ಇರಲಿ ಎಂದಿತೆಂದು ಬರೆಯಲು ನನಗೆ ಸಂಕೋಚವಿಲ್ಲ. ಅವಳು ಆ ಸಾಲನ್ನು ಓದಿದಳು. ಬೆರಳು ಅದರ ಮೇಲೆ ಒಂದು ಸಲ ಹೋಗಿ ಬಂದಿತು. ಆಮೇಲೆ ನಿಧಾನವಾಗಿ ಅದನ್ನು ಅಳಿಸಿದಳು.

"ಇದು ಇತ್ತಂದ್ರ, ತನ್ನ ಜೀವ ಉಳಸ್ಕೊಳ್ಳಾಕ ರೂಲ್ ಮಾಡ್ಯಾಳ ಅಂತಾರ ಖಾಜಾ ಅಣ್ಣಾ. ನನ್ನ ಒಂದು ಸಾಲು ಸಲುವಾಗಿ ಮ್ಯಾಲಿನ ನಾಕೂ ಸಾಲು ಹೋಗ್ತಾವ."

ತರಬೇತಿಯ ಕಡೆಯ ದಿನ ಕರಡುಗಳನ್ನು ಪರಿಶೀಲಿಸಲು ಮೇಲಿನಿಂದ ಒಬ್ಬ ಹಿರಿಯ ಅಧಿಕಾರಿ ಬಂದಿದ್ದರು. ಬೆಂಗಳೂರಿನ ಕಡೆಯವರು, ಮಿತಭಾಷಿ. ಮಹಾದೇವಿ ಓದಿದಳು, ಭೀಮರಾಯ ಅರ್ಥ ಹೇಳಿದ. ಮೂರು ವಾಕ್ಯಗಳಿಗೆ ಅಧಿಕಾರಿ ತಲೆಯಾಡಿಸಿದರು. ನಾಲ್ಕನೆಯದಕ್ಕೆ ಕೈ ಎತ್ತಿ ತಡೆದರು.

"ಸುಮ್ಮಸುಮ್ಮನೆ ಮುಚ್ಚಿ ಜನರಿಗೆ ತೊಂದರೆ ಕೊಟ್ಟರೆ ಯಾರು ಜವಾಬ್ದಾರರು? ಯಾರೂ ಅಲ್ಲ ಅಂತ ಬರೆದಿದ್ದೀರಿ. ಇದು ಹೇಗೆ ಸಾಧ್ಯ?"

ಮಹಾದೇವಿ ಭೀಮರಾಯನ ಕಡೆ ನೋಡಿದಳು. ತಾನು ಏನು ಹೇಳಿದರೂ ಅದು ತನ್ನ ಪರವಾದ ಮಾತಾಗುವುದೆಂದು ಅವಳಿಗೆ ತಿಳಿದಿತ್ತು. ಅರ್ಥ ಹೇಳುವವನು ಎದ್ದ.

"ನೀರು ಬಂದ ಮ್ಯಾಲ ಮುಚ್ಚೂದು ಎಲ್ಲಾರಿಗಿ ಬರ್ತದ್ರಿ ಸಾಹೇಬ್ರ. ಅದಕ್ಕ ಕಾಯ್ದಾ ಬ್ಯಾಡ. ಬರೂಕಿಂತ ಮೊದ್ಲೇ ಮುಚ್ಚಬೇಕಂದ್ರ ಹತ್ತು ಸಲದಾಗ ನಾಕು ಸಲ ಸುಳ್ಳಾಗ್ತದ. ಆ ನಾಕು ಸಲ ಮಂದಿ ನಮಗ ಬೈತಾರ. ಬೈಲಿ, ಬೈಗಳ ನಮ್ಮ ಪಾಲಿಗಿರ್ಲಿ. ಅದರ ಮ್ಯಾಲ ನೋಟಿಸೂ ಕೊಟ್ರಿ ಅಂದ್ರ, ಐದನೇ ಸಲ ಯಾರೂ ಮುಚ್ಚಂಗಿಲ್ರಿ. ಐದನೇ ಸಲ ನೀರು ಬರ್ತದ."

ಮಳೆ ನಿಂತಿತ್ತು. ಬಕೆಟ್ಟಿಗೆ ಕಡೆಯ ಹನಿಗಳು ಬೀಳುವ ಸದ್ದು ಕೇಳುತ್ತಿತ್ತು. ಅಧಿಕಾರಿ ಮಹಾದೇವಿಯ ಕಡೆಗೆ ತಿರುಗಿದರು. ಅವರಿಗೆ ಅವಳ ಪ್ರಕರಣ ತಿಳಿದಿತ್ತೆಂದು ಅವರ ಪ್ರಶ್ನೆಯಿಂದ ಗೊತ್ತಾಯಿತು.

"ಇದನ್ನು ಒಪ್ಪಿದರೆ ನಿಮ್ಮ ವಿಚಾರಣೆಗೂ ಅನ್ವಯಿಸುತ್ತದೆಯೇನಮ್ಮಾ?"

"ಇಲ್ಲ ಸರ್. ಇದು ಮುಂದಿನ ನೀರಿಗೆ," ಎಂದಳು ಅವಳು.

ಅಧಿಕಾರಿ ಹಾಳೆಯ ಮೂಲೆಯಲ್ಲಿ ಒಂದು ಗುರುತು ಹಾಕಿದರು. ಅಧ್ಯಾಪಕನಾಗಿ ಸಾವಿರಾರು ಉತ್ತರಗಳನ್ನು ಕೇಳಿದವನು ನಾನು. ಅಂದು ಆ ಕಲ್ಲುನೆಲದ ಮೇಲೆ ನಿಂತು ಆ ಇಬ್ಬರು ಕೊಟ್ಟ ಉತ್ತರಗಳಿಗೆ ನನ್ನ ರೋಮ ರೋಮವೂ ಹಿಗ್ಗಿತು. ಅವರಿಗೆ ನಾನು ಏನನ್ನೂ ಕಲಿಸಿರಲಿಲ್ಲ. ನಿಲ್ಲಲು ಒಂದು ಪೀಠವನ್ನು ತೋರಿಸಿದ್ದೆ, ಅಷ್ಟೇ.

ನಿಯಮವನ್ನು ಮೊದಲು ಒಂದು ಮಳೆಗಾಲದ ಮಟ್ಟಿಗೆ ಪರೀಕ್ಷೆಗೆಂದು ಹೊರಡಿಸಿದರು. ಮುಂದೆ ಅದು ಆ ಸೇತುವೆಗಳ ಮೇಲೆ ಉಳಿದುಕೊಂಡಿತು. ವಿಚಾರಣೆ ಮುಗಿದು ಮಹಾದೇವಿಯ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯೂ ದಾಖಲಾಗಿ ಉಳಿಯಿತು. ಬಡ್ತಿ ತಡವಾಗಿ, ಅವಳ ಜೊತೆಯವರಿಗೆ ಬಂದ ಎಷ್ಟೋ ಕಾಲದ ಮೇಲೆ ಬಂದಿತು. ಫೋನಿನಲ್ಲಿ ಅದನ್ನು ನನಗೆ ತಿಳಿಸಿದ ದಿನ, "ಎಚ್ಚರಿಕಿ ಹಾಳಿ ನಂದು, ರೂಲಿನ ಹಾಳಿ ಹೊಳೀದು ಅಜ್ಜಾರ. ಎರಡೂ ಇರಲಿ ಬಿಡ್ರಿ," ಎಂದಳು. ಭೀಮರಾಯ ಈಗಿಲ್ಲ, ಶಿವಸಾಯುಜ್ಯ ಹೊಂದಿದ.

ಇಷ್ಟನ್ನು ನೆನೆಯುವಷ್ಟರಲ್ಲಿ ಹೊಳೆಯ ಬಣ್ಣ ತಿರುಗಿತ್ತು. ಕೆಂಪು ನೀರು ನೊರೆಯನ್ನೂ ಕಸವನ್ನೂ ಹೊತ್ತು ಬಂದು, ಸೇತುವೆಯ ಕಂಬಗಳನ್ನು ಅರ್ಧ ಮುಳುಗಿಸಿ, ಸುಮಾರು ಒಂದು ತಾಸು ಹಾಗೆಯೇ ನಿಂತಿತು. ಮೇಲೆ ಬರಲಿಲ್ಲ. ನಿಧಾನವಾಗಿ ಇಳಿಯತೊಡಗಿತು. ಫರಸಿಕಲ್ಲಿನ ಮೇಲಿನ ಹೆಣ್ಣುಮಗಳು ಫೋನಿನಲ್ಲಿ ಯಾರನ್ನೋ ಎರಡು ಸಲ ಕೇಳಿ, ಎದ್ದು ಸರಪಳಿಯನ್ನು ಬಿಚ್ಚಿದಳು.

ಬಸ್ಸಿಗೆ ಮರಳುತ್ತಿದ್ದ ಬಿಳಿ ಅಂಗಿಯ ಒಬ್ಬ ಪ್ರಯಾಣಿಕ ಅವಳೆದುರು ನಿಂತ. "ಎರಡು ತಾಸು ಸುಮ್ಮ ಕುಂದ್ರಸಿದಿ. ನೀರು ಬಂತೇನು? ಯಾರ ಆರ್ಡರ್ ಅದ ನಿಂಗ?"

ಅವಳು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಸಾಲೆಯ ಮಗು ಪದ್ಯ ಒಪ್ಪಿಸುವಂತೆ ಹೇಳಿದಳು: "ಸೇತುವೆಯ ಬಳಿ ಇರುವ ನೌಕರರೇ ಸೇತುವೆಯನ್ನು ಮುಚ್ಚತಕ್ಕದ್ದು, ಯಾರ ಅಪ್ಪಣೆಗೂ ಕಾಯತಕ್ಕದ್ದಲ್ಲ. ನೀರು ಬಾರದಿದ್ದರೂ ಮುಚ್ಚಿದವರ ಮೇಲೆ ತಪ್ಪು ಹೊರಿಸತಕ್ಕದ್ದಲ್ಲ."

"ಹಂಗಂದ್ರ?"

"ಹಂಗಂದ್ರ, ನೀ ಬದುಕಿದಿ, ನಾ ಬೈಸ್ಕೊಂಡ್ನಿ. ಹರಕತ್ತಿಲ್ಲ. ಹೋಗಿ ಬಸ್ಸಿನ್ಯಾಗ ಕುಂದ್ರು ಅಣ್ಣಾ."

ಬಸ್ಸು ಸೇತುವೆಯನ್ನು ದಾಟುವಾಗ ನಾನು ಕಿಟಕಿಯಿಂದ ಹೊಳೆಗೆ ಕೈ ಮುಗಿದೆ. ಆಕೆ ತನಗೇ ಮುಗಿದೆನೆಂದು ತಿಳಿದಳೋ ಏನೋ, ನಕ್ಕು ಕೊಡೆಯನ್ನೆತ್ತಿದಳು. ಸೇಡಂ ಮುಟ್ಟಿದಾಗ ಮಠದಲ್ಲಿ ಪುರಾಣ ಆಗಲೇ ಆರಂಭವಾಗಿತ್ತು. ನನ್ನ ಪೀಠದಲ್ಲಿ ಬೇರೊಬ್ಬರು ಕುಳಿತು ಅರ್ಥ ಹೇಳುತ್ತಿದ್ದರು. ನಾನು ಕಾಲು ತೊಳೆದುಕೊಂಡು, ಅಂದು, ಕೇಳುವವರ ನಡುವೆ ಹೋಗಿ ಕುಳಿತೆ.